ಮೂರು ವರ್ಷ, ನಾಲ್ಕು ಬಾಟಲಿ

ಹಿಂದೊಮ್ಮೆ ನಾನು ಬರೆದ ಒಂದು ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿ ಈ ಲೇಖನ. 2019ರಲ್ಲಿ ಕಪಿಲಾ ಕಾವೇರಿ ಕಣಿವೆಯ ಕೆಂಪು ವೈನುಗಳ ವಿಷಯವಾಗಿ ಬರೆಯುತ್ತ, “ಮಳೆ ಹೆಚ್ಚಾದ ವರ್ಷದ ವೈನು ನೀರು ಕುಡಿದ ವೈನು, ಅದರಲ್ಲಿ ಹುಡುಕಿ ನೋಡತಕ್ಕದ್ದು ಏನೂ ಇಲ್ಲ” ಎಂದು ಅಪ್ಪಣೆ ಕೊಡಿಸಿದ್ದೆ. ವಾಕ್ಯ ಕೇಳುವುದಕ್ಕೆ ಚೆನ್ನಾಗಿತ್ತು; ಬಹುಶಃ ಅದೇ ಅದರ ದೋಷ. ಯಾರೂ ಆಕ್ಷೇಪಣೆ ಎತ್ತಲಿಲ್ಲ. ನಮ್ಮ ವಾಚಕರಲ್ಲಿ ಬಹುಪಾಲು ಜನ ವೈನನ್ನು ಮುಟ್ಟಿದವರಲ್ಲ. ಮುಟ್ಟಿದವರು ಸಂಪಾದಕರಿಗೆ ಪತ್ರ ಬರೆದು ಒಪ್ಪಿಕೊಳ್ಳುವವರಲ್ಲ. ತಿರುಮಕೂಡಲು ನರಸೀಪುರದ ನನ್ನ ಸ್ನೇಹಿತರೊಬ್ಬರು ಮಾತ್ರ ಒಂದು ಕಾರ್ಡು ಹಾಕಿದರು. “ಸ್ವಾಮಿ, ಲೇಖನ ಓದಿದೆ. ಬರೆದ ದಿನ ತಮಗೆ ನೆಗಡಿ ಇತ್ತೆ?” ಎಂದಿಷ್ಟೇ ಅದರಲ್ಲಿದ್ದದ್ದು. ಕಾರ್ಡನ್ನು ಯಾವುದೋ ಪುಸ್ತಕದೊಳಗೆ ಗುರುತಿಗೆಂದು ಇಟ್ಟು ಮರೆತೆ.

ಅವರು ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾರ್ಡು ಹಾಕಿ ಸುಮ್ಮನಾಗುವ ಪೈಕಿಯಲ್ಲ. ಅದೇ ವರ್ಷ ಆ ಕಣಿವೆಯ ಒಂದು ಸಣ್ಣ ವೈನ್ ಮನೆಯಿಂದ 2016, 2017, 2018 ಹೀಗೆ ಮೂರು ವರ್ಷಗಳ ಶಿರಾಜ್ ಬಾಟಲಿಗಳನ್ನು ತಂದು ತಮ್ಮ ಹಳೆಯ ಮನೆಯ ಉಗ್ರಾಣದಲ್ಲಿ, ಅಕ್ಕಿಯ ಪೆಟ್ಟಿಗೆಯ ಹಿಂದೆ, ಅಡ್ಡಡ್ಡಲಾಗಿ ಮಲಗಿಸಿಟ್ಟರಂತೆ. ಇಷ್ಟು ವರ್ಷ ಕಾದು, ಕಳೆದ ಮಾಘಮಾಸದಲ್ಲಿ ದೂರವಾಣಿ ಮಾಡಿದರು. “ಬನ್ನಿ. ಸಾಕ್ಷಿಗಳು ಹಾಜರಿದ್ದಾವೆ. ವಿಚಾರಣೆ ಮುಗಿಸಿಬಿಡೋಣ.”

ಮಾತಿನ ಬಗ್ಗೆ ಒಂದು ಮಾತು. ‘ದ್ರಾಕ್ಷಾರಸ’ ಎಂದು ಬರೆಯಬಹುದಿತ್ತು. ಆದರೆ ಹಣ್ಣಿನಂಗಡಿಯಲ್ಲಿ ಐಸು ಹಾಕಿ ಕೊಡುವುದೂ ದ್ರಾಕ್ಷಾರಸವೇ. ‘ದ್ರಾಕ್ಷಾಮದ್ಯ’ ಎಂದರೆ ಅಬಕಾರಿ ಇಲಾಖೆಯ ಕಾಗದದಂತೆ ಕೇಳಿಸುತ್ತದೆ. ಆದ್ದರಿಂದ ಜನ ಆಡುವ ‘ವೈನ್’ ಎಂಬ ಮಾತನ್ನೇ ಇಟ್ಟುಕೊಂಡಿದ್ದೇನೆ.

ಮೈಸೂರಿನಿಂದ ನೇರವಾಗಿ ನರಸೀಪುರಕ್ಕೆ ಹೋಗುವ ಬದಲು ನಂಜನಗೂಡಿನ ಮೇಲೆ ಹೋದೆ. ಅದಕ್ಕೆ ಎರಡು ಕಾರಣ. ಒಂದು, ಅಲ್ಲಿನ ಅಂಗಡಿಯೊಂದರಲ್ಲಿ ಅದೇ ವೈನಿನ 2017ರ ಬಾಟಲಿ ಇನ್ನೂ ಮಾರಾಟವಾಗದೆ ಉಳಿದಿದೆ ಎಂದು ತಿಳಿದಿತ್ತು. ಇನ್ನೊಂದು, ನಂಜುಂಡೇಶ್ವರನ ದರ್ಶನ. ವಿಷವನ್ನೇ ಉಂಡು ಅರಗಿಸಿಕೊಂಡವನ ಊರಿನಿಂದ ಇಂಥ ಕೆಲಸಕ್ಕೆ ಹೊರಡುವುದರಲ್ಲಿ ಒಂದು ಧೈರ್ಯವಿದೆ. ಆ ಊರಿನ ಹೆಸರು ಕೇಳಿದರೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಮೂರು: ದೇವರು, ರಸಬಾಳೆ, ಹಲ್ಲುಪುಡಿ. ಹಲ್ಲುಪುಡಿಯ ಸದ್ವೈದ್ಯಶಾಲೆ ಅಲ್ಲಿ 1913ರಷ್ಟು ಹಿಂದೆಯೇ ಹುಟ್ಟಿದ್ದು. ಅದನ್ನು ಬೆರಳಿನಲ್ಲಿ ಒತ್ತಿ ಹಲ್ಲು ತಿಕ್ಕಿದವರಿಗೆ ಒಂದು ರುಚಿ ಆಯುಷ್ಯಪೂರ್ತಿ ನೆನಪಿರುತ್ತದೆ. ವಸಡು ಬಿಗಿಯಾಗುತ್ತದೆ, ನಾಲಗೆಯ ಅಂಚು ಮುದುರಿಕೊಳ್ಳುತ್ತದೆ, ಬಾಯೊಳಗೆ ಒರಟು ಬಟ್ಟೆಯಿಂದ ಒರೆಸಿದ ಹಾಗಾಗುತ್ತದೆ. ಒಗರು. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಕೆಂಪು ವೈನಿನ ಅರ್ಧ ವಿಷಯ ಇದರಲ್ಲಿದೆ.

ವೈನ್ ನಮಗೆ ತೀರ ಹೊರಗಿನದು, ನಮ್ಮ ನಾಲಗೆಗೆ ಅದರ ಅಭ್ಯಾಸವಿಲ್ಲ ಎಂಬ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ನನ್ನ ಬಾಲ್ಯದಲ್ಲಿ ಮನೆಯ ಗೂಡಿನಲ್ಲಿ ಕಂದು ಬಣ್ಣದ ಒಂದು ಸೀಸೆ ಇರುತ್ತಿತ್ತು. ಊಟವಾದ ಮೇಲೆ ಅಜ್ಜಿ ಅಳತೆಯ ಮುಚ್ಚಳದಲ್ಲಿ ಅದನ್ನು ಬಗ್ಗಿಸಿ, ಅಷ್ಟೇ ನೀರು ಬೆರೆಸಿ ಕುಡಿಯುತ್ತಿದ್ದರು; ಹಸಿವು ಕಟ್ಟಿದ ಮಕ್ಕಳಿಗೂ ಒಂದು ಚಮಚ ಸಿಕ್ಕುತ್ತಿತ್ತು. ಅದು ದ್ರಾಕ್ಷಾರಿಷ್ಟ. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಹಾಕಿ, ಧಾತಕಿ ಹೂವು ಸೇರಿಸಿ, ಪಾತ್ರೆಯ ಬಾಯಿ ಕಟ್ಟಿ ಹುದುಗಲು ಬಿಡುತ್ತಾರೆ. ಮದ್ಯಾಂಶ ತಾನಾಗಿಯೇ ಅದರೊಳಗೆ ಹುಟ್ಟುತ್ತದೆ. ಮಡಿಯ ಮನೆಯಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಸಿಹಿ ಮುಂದಾಗಿ ಬಂದು ಕಹಿ ಹಿಂದೆ ಬರುವ, ಕೊನೆಗೆ ಒಗರಾಗಿ ನಿಲ್ಲುವ ಆ ರುಚಿಯನ್ನು ಬಲ್ಲವರಿಗೆ ಕೆಂಪು ವೈನು ಅಪರಿಚಿತವೇನೂ ಅಲ್ಲ; ಸಿಹಿಯನ್ನು ಕಳೆದುಕೊಂಡ ಹತ್ತಿರದ ನೆಂಟ.

ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಕ್ರಿಸ್ಮಸ್ ಕಾಲಕ್ಕೆ ಮನೆಗಳಲ್ಲಿ ಮಾಡುವ ಸಿಹಿ ವೈನಿನ ಕಥೆ ಬೇರೆ. ಅದನ್ನು ಇಲ್ಲಿಗೆ ತರುವುದಿಲ್ಲ. ಯುರೋಪಿನ ಜಾತಿಯ ದ್ರಾಕ್ಷಿಯನ್ನು ಕ್ರಮವಾಗಿ ಬೆಳೆದು ವೈನ್ ಮಾಡುವ ಸಾಹಸ ನಮ್ಮ ರಾಜ್ಯದಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ಗ್ರೋವರ್ ಅವರಿಂದ 1988ರ ಸುಮಾರಿಗೆ ಮೊದಲಾಯಿತು. ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದದ್ದು 2007ರಲ್ಲಿ. ಆಮೇಲೆ ಮೈಸೂರು ಸೀಮೆಯ ಕಾವೇರಿ ಕಣಿವೆಯಲ್ಲಿಯೂ, ಭತ್ತ ಕಬ್ಬುಗಳ ನಡುವೆ, ತಂತಿಗೆ ಹಬ್ಬಿಸಿದ ಬಳ್ಳಿಯ ಸಾಲುಗಳು ಕಾಣಿಸಿಕೊಂಡವು. ಇಲ್ಲಿನ ವೈನೆಂದರೆ ಮೊದಲು ಕೇಳಿಬರುವ ಹೆಸರು ಆಲ್ಪೈನ್. ಬಾಟಲಿಯ ಮೇಲೆ ವಿಂದಿವ ಎಂದಿರುತ್ತದೆ. ಅವರಿಗೆ ಸಲಹೆಗಾರರಾಗಿ ಬಂದವರು ಫ್ರಾನ್ಸಿನ ಸ್ಟೆಫಾನ್ ದೆರೆನೊಂಕೂರ್. ಈತ ಪಾಠಶಾಲೆಯಲ್ಲಿ ವೈನ್ ಕಲಿತವರಲ್ಲ. ಉತ್ತರ ಫ್ರಾನ್ಸಿನ ಡಂಕರ್ಕ್ ಕಡೆಯಿಂದ 1982ರಲ್ಲಿ ಬೋರ್ಡೋ ಸೀಮೆಗೆ ದ್ರಾಕ್ಷಿ ಕೊಯ್ಯುವ ಕೂಲಿಗೆಂದು ಬಂದು, ಬಳ್ಳಿಯ ಬುಡದಲ್ಲೇ ವಿದ್ಯೆ ಕಲಿತು ದೊಡ್ಡವರಾದವರು. ಅಂಥವರೊಬ್ಬರು ನರಸೀಪುರದ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದರೆಂಬುದು ನನಗೆ ಸಂತೋಷದ ಸಂಗತಿ.

ನಾನು ರುಚಿ ನೋಡಿದ ಬಾಟಲಿಗಳು ಯಾರ ಮನೆಯವು ಎಂಬುದನ್ನು ಮಾತ್ರ ಬರೆಯುವುದಿಲ್ಲ. ನಾಲ್ಕು ಬಾಟಲಿ ಕುಡಿದು ಒಂದು ವೈನ್ ಮನೆಯ ಮೇಲೆ ತೀರ್ಪು ಕೊಡುವುದು ನಾಲ್ಕು ಪದ್ಯ ಓದಿ ಕವಿಯ ಮೇಲೆ ತೀರ್ಪು ಕೊಟ್ಟಂತೆ. ಅಲ್ಲದೆ ಈ ಪುಟ ಜಾಹೀರಾತಿನದಲ್ಲ, ದೂರಿನದೂ ಅಲ್ಲ. ನನಗೆ ಬೇಕಾದದ್ದು ಆ ಮೂರು ವರ್ಷಗಳು.

ವರ್ಷವೆಂದರೇನು ಎಂಬುದನ್ನು ಮೊದಲು ಹೇಳಬೇಕು. ಏಕೆಂದರೆ ಬಾಟಲಿಯ ಮೇಲಿನ ಇಸವಿಗೆ ಬೋರ್ಡೋವಿನಲ್ಲಿರುವ ಅರ್ಥವೇ ನಂಜನಗೂಡಿನಲ್ಲಿ ಇಲ್ಲ. ಬೋರ್ಡೋ ಇರುವುದು ಸುಮಾರು 45 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆಯುದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಶರತ್ಕಾಲದಲ್ಲಿ ಹಣ್ಣು. ನಮ್ಮದು 12 ಡಿಗ್ರಿ. ಇಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ; ಸುಮ್ಮನೆ ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಆದ್ದರಿಂದ ಒಕ್ಕಲಿಗನೇ ಕತ್ತರಿ ಹಿಡಿದು ಅದಕ್ಕೆ ಕಾಲವನ್ನು ಕಲಿಸಬೇಕು. ಬೇಸಗೆಯಲ್ಲಿ ಒಂದು ಸಲ ಸವರುತ್ತಾರೆ. ಅದು ಕಡ್ಡಿ ಬಲಿಯುವುದಕ್ಕೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಂದು ಸಲ, ಅದು ಹಣ್ಣಿಗೆ. ವಿಜಯಪುರದ ಕಡೆಯ ಬೆಳೆಗಾರರು ಇದನ್ನೇ ಚಾಟ್ನಿ ಎನ್ನುತ್ತಾರೆ. ಈ ಎರಡನೆಯ ಸವರಿಕೆಯಾದ ಮೇಲೆ ಹೂ, ಕಾಯಿ, ಹಣ್ಣು ಎಲ್ಲ ಚಳಿಗಾಲದಲ್ಲೇ ನಡೆದು ಫೆಬ್ರವರಿ ಮಾರ್ಚಿನಲ್ಲಿ ಕೊಯ್ಲು.

ಇದರಿಂದ ಏನಾಯಿತು? ಬಾಟಲಿಯ ಮೇಲೆ 2018 ಎಂದಿದ್ದರೆ ಅದರೊಳಗಿನ ಮಳೆ 2017ರದು, ಅದರಲ್ಲೂ ಹಿಂಗಾರಿನದು. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ಮರೆಯುತ್ತಿದ್ದೆ. 2018ರ ಬಾಟಲಿ ನೋಡಿದೊಡನೆ ನನಗೆ ನೆನಪಾದದ್ದು ಆ ವರ್ಷದ ಆಗಸ್ಟಿನಲ್ಲಿ ಕಬಿನಿ ತುಂಬಿ ಹರಿದು ನಂಜನಗೂಡಿನಲ್ಲಿ ರಸ್ತೆಯ ಮೇಲೆ ನೀರು ಬಂದದ್ದು. ಆ ಮಾತೆತ್ತಿದರೆ ಸ್ನೇಹಿತರು ನಕ್ಕುಬಿಟ್ಟರು. “ಅಷ್ಟು ಹೊತ್ತಿಗೆ ಈ ದ್ರಾಕ್ಷಿ ಕೊಯ್ದು, ತುಳಿದು, ಪೀಪಾಯಿಯಲ್ಲಿ ಕೂತು ಆರು ತಿಂಗಳಾಗಿತ್ತು ಸ್ವಾಮಿ. ಹೊಳೆ ಬಂದದ್ದು ಅದಕ್ಕೆ ಗೊತ್ತೇ ಇಲ್ಲ.”

ಹಾಗಾದರೆ ಮೂರು ವರ್ಷಗಳ ಜಾತಕ ಹೀಗೆ. 2016ರ ವೈನಿನ ಹಿಂದೆ ಇರುವುದು 2015ರ ನವೆಂಬರ್. ಚೆನ್ನೈ ಮುಳುಗಿದ ಆ ಹಿಂಗಾರಿನಲ್ಲಿ ನಮ್ಮ ದಕ್ಷಿಣ ಒಳನಾಡಿಗೂ ಧಾರಾಳವಾಗಿ ಮಳೆ ಬಿತ್ತು. 2017ರ ಹಿಂದೆ ಇರುವುದು 2016; ಕಾವೇರಿಯ ನೀರಿಗಾಗಿ ಸೆಪ್ಟೆಂಬರಿನಲ್ಲಿ ಬೀದಿಗಳಲ್ಲಿ ಬೆಂಕಿ ಬಿದ್ದ ವರ್ಷ. ಮುಂಗಾರು ಕೈಕೊಟ್ಟಿತ್ತು, ಹಿಂಗಾರು ಬರಲೇ ಇಲ್ಲ ಎನ್ನಬೇಕು. 2018ರ ಹಿಂದೆ ಇರುವುದು 2017ರ ಸೆಪ್ಟೆಂಬರ್ ಅಕ್ಟೋಬರ್. ಬೆಂಗಳೂರು ತಾನು ಕಂಡರಿಯದಷ್ಟು ಮಳೆಯನ್ನು ಕಂಡ ವರ್ಷ ಅದು. ಎರಡು ಒದ್ದೆ ವರ್ಷಗಳು, ನಡುವೆ ಒಂದು ಬರಗಾಲ. ಯಾವ ವೈನ್ ಪಂಡಿತನೂ ಇದಕ್ಕಿಂತ ಚೆನ್ನಾದ ಪರೀಕ್ಷೆಯನ್ನು ಏರ್ಪಡಿಸಲಾರ. 2019ರಲ್ಲಿ ನಾನು ಮೆಚ್ಚಿದ್ದು ನಡುವಿನದನ್ನು, ಬರಗಾಲದ್ದನ್ನು. ಅದು ತುಂಬಿಕೊಂಡಿತ್ತು, ಗಟ್ಟಿ ದನಿಯಲ್ಲಿ ಮಾತಾಡುತ್ತಿತ್ತು. ಒದ್ದೆ ವರ್ಷದ ಎರಡನ್ನೂ ತೆಳು ಎಂದು ತಳ್ಳಿಬಿಟ್ಟಿದ್ದೆ.

ಸ್ನೇಹಿತರ ಮನೆ ಸಂಗಮಕ್ಕೆ ದೂರವಲ್ಲ. ನಂಜನಗೂಡಿನಲ್ಲಿ ಕಂಡ ಕಪಿಲೆಯೇ ಇಲ್ಲಿಗೆ ಬಂದು ಕಾವೇರಿಯನ್ನು ಸೇರುತ್ತದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ಎಂದು ಗುಂಜಾನರಸಿಂಹನ ಊರಿನವರು ಹೇಳುತ್ತಾರೆ. ತೂಕದ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿರುವ ಊರಿನಲ್ಲಿ ರುಚಿಯ ವಿಚಾರಣೆ ನಡೆಯುವುದು ಯುಕ್ತವೇ ಎಂದುಕೊಂಡೆ. ಸಂಜೆ ಐದು ಗಂಟೆ. ಹಿಂದಿನ ಜಗಲಿಯಲ್ಲಿ ಮೇಜು ಹಾಕಿತ್ತು. ಸ್ಟೀಲ್ ಲೋಟ ಬೇಡವೆಂದು ಮಗಳ ಮನೆಯಿಂದ ಗಾಜಿನ ಲೋಟಗಳನ್ನು ತರಿಸಿದ್ದರು. ಮೂರು ಬಾಟಲಿಗಳಿಗೂ ವೃತ್ತಪತ್ರಿಕೆಯ ಹಾಳೆ ಸುತ್ತಿ ಹೆಸರು ಇಸವಿ ಕಾಣದಂತೆ ಮಾಡಿದ್ದರು. ಹಾಳೆ ಇದೇ ಭಾನುವಾರದ ಪುರವಣಿಯದು. ನಮ್ಮ ಬರವಣಿಗೆ ಈ ಉಪಯೋಗಕ್ಕಾದರೂ ಬಂತಲ್ಲ ಎಂದು ಸಮಾಧಾನಪಟ್ಟೆ.

ಮೊದಲನೆಯ ಲೋಟ. ಬಣ್ಣ ಅಂಚಿನಲ್ಲಿ ಇಟ್ಟಿಗೆಯ ಕಡೆಗೆ ತಿರುಗಿತ್ತು. ಬಾಯಿಗೆ ಹಾಕಿದರೆ ಹುಳಿ ಮುಂದೆ. ನೇರಳೆಹಣ್ಣು ತಿಂದು ಸ್ವಲ್ಪ ಹೊತ್ತಾದ ಮೇಲೆ ಉಳಿಯುವಂಥ ಒಗರು ಹಿಂದೆ. ರುಚಿ ಬೇಗ ಮುಗಿದುಹೋಗುತ್ತದೆ. ಅದರ ಮೇಲೆ ಪೀಪಾಯಿಯ ಮರದ ವಾಸನೆ, ವೆನಿಲ್ಲಾದಂಥದು, ಬೇಕಾದದ್ದಕ್ಕಿಂತ ಹೆಚ್ಚಾಗಿ ಕೂತಿದೆ. ಸಣಕಲು ಹುಡುಗನಿಗೆ ತಾತನ ಕೋಟು ತೊಡಿಸಿದ ಹಾಗೆ. ಓಕ್ ಮರದ ಪೀಪಾಯಿ ಒಳ್ಳೆಯ ವೈನಿಗೆ ಉಪಕಾರ ಮಾಡುತ್ತದೆ, ಒಪ್ಪಿದೆ. ಆದರೆ ಮೈಯಲ್ಲಿ ಶಕ್ತಿಯಿಲ್ಲದ ವೈನಿಗೆ ಅದನ್ನು ಹೊರಿಸುವುದು ಅಂಜಿಕೆಯ ಲಕ್ಷಣ. ನಮ್ಮದು ಎಲ್ಲಿ ಸಾಲದೋ ಎಂಬ ಅಂಜಿಕೆ. ಕಾದಂಬರಿಗೆ ಹತ್ತು ಪುಟ ಮುನ್ನುಡಿ ಬರೆಸುವವರನ್ನು ಬಲ್ಲೆ. ಅದೇ ಜಾತಿ ಇದು. ಇದು 2016 ಇರಬೇಕೆಂದೆ. ಹೌದೆಂದರು.

ಎರಡನೆಯದು ಬಾಯಿಗೆ ಬಿದ್ದೊಡನೆ ಗುರುತು ಸಿಕ್ಕಿತು, ಹಳೆಯ ಮಿತ್ರ. ಆದರೆ ಎಷ್ಟು ಸೊರಗಿದ್ದಾನೆ! ಬರಗಾಲದ ಬಿಸಿಲಿನಲ್ಲಿ ಸಣ್ಣದಾಗಿ, ಸಿಹಿಯಾಗಿ, ದಪ್ಪ ಸಿಪ್ಪೆಯೊಡನೆ ಹಣ್ಣಾದ ದ್ರಾಕ್ಷಿ ಅದು. ಸಕ್ಕರೆ ಹೆಚ್ಚಿದಷ್ಟೂ ಮದ್ಯಾಂಶ ಹೆಚ್ಚು, ಹುಳಿ ಕಡಿಮೆ. 2019ರಲ್ಲಿ ನನಗೆ ‘ತುಂಬು’ ಎನಿಸಿದ್ದು ಈಗ ಖರ್ಜೂರ, ಒಣದ್ರಾಕ್ಷಿ, ಪಾಕ ತುಸು ಏರಿಹೋದ ಬೆಲ್ಲ. ಗಂಟಲಲ್ಲಿ ಬಿಸಿ. ಎತ್ತಿ ಹಿಡಿಯುವ ಹುಳಿ ಇಲ್ಲದ್ದರಿಂದ ಎಲ್ಲ ಒಂದು ಕಡೆ ಕುಸಿದು ಕೂತಿದೆ. ಕೆಟ್ಟಿಲ್ಲ, ಕುಡಿಯಬಹುದು, ಆದರೆ ಒಂದು ಲೋಟ ಸಾಕು ಎನಿಸುವ ವೈನ್. ಗಟ್ಟಿ ದನಿಯನ್ನೇ ಹಾಡುಗಾರಿಕೆ ಎಂದುಕೊಂಡಿದ್ದ ನನ್ನ ಆಗಿನ ಕಿವಿಯನ್ನು ನೆನೆದು ನಾಚಿಕೆಯಾಯಿತು.

ಮೂರನೆಯದು 2018. ಇದನ್ನು ಕುರಿತು ನಿಧಾನವಾಗಿ ಬರೆಯಬೇಕು. ಬಣ್ಣದಲ್ಲಿ ಇನ್ನೂ ನೇರಳೆಯ ಛಾಯೆ ಇತ್ತು. ಒಗರು ಒರಟಾಗಿರಲಿಲ್ಲ; ಎಳೆಯ ಅಡಿಕೆಯನ್ನು ಅಗಿದಾಗ ಮೊದಲ ಕ್ಷಣದಲ್ಲಿ ಬರುತ್ತದಲ್ಲ, ಬಾಯಿಯನ್ನು ಬಿಗಿಹಿಡಿದು ಮೆಲ್ಲಗೆ ಬಿಡುವ ಒಗರು, ಅಂಥದು. ಇಂಗ್ಲಿಷಿನಲ್ಲಿ ಇದನ್ನು ಹೇಳುವುದಕ್ಕೆ ಅವರು ರೇಷ್ಮೆ, ಮಖಮಲ್ಲು, ಮರಳುಕಾಗದ ಎಂದು ಬಟ್ಟೆಯಂಗಡಿ ಬಡಗಿಯಂಗಡಿಗಳನ್ನೆಲ್ಲ ಸುತ್ತಿಬರುತ್ತಾರೆ. ನಮಗೆ ಆ ಕಷ್ಟವಿಲ್ಲ. ಆರು ರಸಗಳಲ್ಲಿ ಒಂದಾಗಿ ಒಗರು ನಮ್ಮ ಊಟದ ಎಲೆಯ ಮೇಲೆ ಮೊದಲಿನಿಂದಲೂ ಇದೆ: ಬಾಳೆಕಾಯಿಯಲ್ಲಿ, ನೆಲ್ಲಿಕಾಯಿಯಲ್ಲಿ, ಬಾಳೆಹೂವಿನಲ್ಲಿ, ತಾಂಬೂಲದಲ್ಲಿ. ಕಳಿಯದ ಒಗರಿಗೆ ಚೊಗರು ಎಂಬ ಇನ್ನೊಂದು ಮಾತನ್ನೂ ಮೈಸೂರು ಸೀಮೆಯ ಹೆಂಗಸರು ಬಲ್ಲರು. 2019ರಲ್ಲಿ ಈ ವೈನು ಚೊಗರಾಗಿತ್ತು. ಈಗ ಒಗರಾಗಿದೆ. ಇಷ್ಟು ವರ್ಷದ ಕೆಲಸವನ್ನು ಹೇಳುವುದಕ್ಕೆ ನಮಗೆ ಎರಡು ಮಾತು ಸಾಕು.

ಆದರೂ ಮನಸ್ಸಿನಲ್ಲಿ ಒಂದು ಕೊರತೆ. ಬಾಯಲ್ಲಿ ಚೆನ್ನಾಗಿದೆ, ಮೂಗಿಗೆ ಏನೂ ಹತ್ತುತ್ತಿಲ್ಲ. “ಕಟ್ಟಡ ಚೆನ್ನಾಗಿದೆ, ಮನೆಯಲ್ಲಿ ಜನ ಇಲ್ಲ” ಎಂದೆ. ಸ್ನೇಹಿತರು ಉತ್ತರ ಹೇಳದೆ ಒಳಗೆ ಕೂಗಿದರು. ಅವರ ಶ್ರೀಮತಿಯವರು ಕೈ ಒರೆಸಿಕೊಳ್ಳುತ್ತ ಬಂದರು.

“ನೀನು ಸ್ವಲ್ಪ ಇದನ್ನು ಮೂಸಿ ನೋಡೆ.”

“ಅಯ್ಯೋ, ನನಗೇನ್ರೀ ತಿಳಿಯುತ್ತೆ ಇದೆಲ್ಲ!”

“ಕುಡಿ ಅಂತ ಯಾರು ಹೇಳಿದರು? ಮೂಸೋದಕ್ಕೇನು?”

ಆಕೆ ಲೋಟವನ್ನು ಹತ್ತಿರಕ್ಕೆ ತಂದು, ಸೆರಗನ್ನು ಸರಿಮಾಡಿಕೊಂಡು, ಒಂದು ಸಲ ಉಸಿರೆಳೆದರು. ತಕ್ಷಣ ಹೇಳಿದರು: “ಇದೇನ್ರೀ, ಮೆಣಸು ಕುಟ್ಟಿದ ಹಾಗಿದೆ! ಸಾರಿಗೆ ಹಾಕೋಕೆ ಮುಂಚೆ ಒರಳಲ್ಲಿ ಬರುತ್ತಲ್ಲ, ಆ ವಾಸನೆ.” ಮೊದಲನೆಯ ಲೋಟ ಕೊಟ್ಟರು. “ಇದರಲ್ಲೂ ಇದೆ, ಕಡಿಮೆ.” ಎರಡನೆಯದರಲ್ಲಿ ಇಲ್ಲವೆಂದರು. ಅವರಿಗೆ ಬೆನ್ನು ತಿರುಗಿಸಿ ನಿಲ್ಲುವಂತೆ ಹೇಳಿ ಲೋಟಗಳನ್ನು ಅದಲುಬದಲು ಮಾಡಿದೆವು. ಮತ್ತೆ ಅವೇ ಎರಡನ್ನು ಆರಿಸಿದರು. ಮೂರನೆಯ ಸಲವೂ ಅಷ್ಟೆ. ಅವರಿಗೆ ಇಸವಿ ಗೊತ್ತಿಲ್ಲ, ಮಳೆಯ ಲೆಕ್ಕ ಗೊತ್ತಿಲ್ಲ, ನಮ್ಮ ಜಗಳ ಏನೆಂಬುದೂ ಗೊತ್ತಿಲ್ಲ. ಒದ್ದೆ ವರ್ಷದ ಎರಡರಲ್ಲೂ ಮೆಣಸಿದೆ, ಬರಗಾಲದ್ದರಲ್ಲಿ ಇಲ್ಲ. ನಾನು ಮೂರನ್ನೂ ಮೂಸಿದೆ. ನನಗೆ ಯಾವುದರಲ್ಲೂ ಮೆಣಸಿರಲಿಲ್ಲ.

ಆಗ ಸ್ನೇಹಿತರು ವಿಷಯ ಬಿಡಿಸಿ ಹೇಳಿದರು. ಶಿರಾಜ್ ವೈನಿನಲ್ಲಿ ಬರುವ ಕರಿಮೆಣಸಿನ ಪರಿಮಳ ಬರಿಯ ಉಪಮಾಲಂಕಾರವಲ್ಲ. ಆಸ್ಟ್ರೇಲಿಯದ ವೈನ್ ಸಂಶೋಧಕರು 2008ರಲ್ಲಿ ಅದಕ್ಕೆ ಕಾರಣವಾದ ವಸ್ತುವನ್ನು ಪತ್ತೆಮಾಡಿದರು. ರೊಟುಂಡೋನ್ ಎಂದು ಹೆಸರು. ಕರಿಮೆಣಸಿನ ಕಾಳಿನಲ್ಲಿರುವುದೂ ಅದೇ. ತಂಪಾದ ಜಾಗಗಳಲ್ಲಿ, ತಂಪಾದ ವರ್ಷಗಳಲ್ಲಿ, ಎಲೆಯ ನೆರಳಿನಲ್ಲಿ ಹಣ್ಣಾದ ಗೊಂಚಲುಗಳಲ್ಲಿ ಅದು ಹೆಚ್ಚು. ಬಿಸಿಲು ಬಡಿದ ಹಣ್ಣಿನಲ್ಲಿ ಕಡಿಮೆ. ನೆಲದಲ್ಲಿ ತೇವವಿದ್ದು ಎಲೆ ದಟ್ಟವಾದ ವರ್ಷದಲ್ಲಿ ಅದು ಕಾಣಿಸಿಕೊಂಡದ್ದರಲ್ಲಿ ಸೋಜಿಗವಿಲ್ಲ. ಸೋಜಿಗದ ಸಂಗತಿ ಇನ್ನೊಂದು: ಐವರಲ್ಲಿ ಒಬ್ಬರಿಗೆ ಈ ವಾಸನೆ ತಿಳಿಯುವುದೇ ಇಲ್ಲವಂತೆ, ಎಷ್ಟು ಗಟ್ಟಿಯಾಗಿದ್ದರೂ.

“ಆದರೆ ಮೆಣಸಿನ ವಾಸನೆ ನನಗೆ ಚೆನ್ನಾಗಿ ತಿಳಿಯುತ್ತದಲ್ಲ!” ಎಂದೆ. ಆಕೆ ನಾಲ್ಕು ಕಾಳು ಕುಟ್ಟಿ ತಂದು ಮುಂದಿಟ್ಟರು. ವಾಸನೆ ಬಂತು. “ಮೆಣಸಿನಲ್ಲಿ ಬೇರೆ ಎಷ್ಟೋ ವಾಸನೆ ಇದಾವೆ ಸ್ವಾಮಿ,” ಎಂದರು ಸ್ನೇಹಿತರು. “ನಿಮಗೆ ಬರ್ತಿರೋದು ಅವು. ನಮಗೆ ಬರೋದು ನಿಮಗೆ ಬರ್ತಾ ಇಲ್ಲ. ಬರ್ತಿಲ್ಲ ಅಂತ ನಿಮಗೆ ಗೊತ್ತಾಗೋದಾದರೂ ಹೇಗೆ?”

ಅರವತ್ತು ವರ್ಷ ಮೆಣಸಿನ ಸಾರು ಉಂಡವನಿಗೆ, ಅದರಲ್ಲಿ ಹತ್ತಾರು ವರ್ಷ ರುಚಿಯನ್ನು ಕುರಿತು ಬರೆದವನಿಗೆ, ಈ ಮಾತು ಹೇಗಾಗಿರಬೇಕು ಎಂಬುದನ್ನು ವಾಚಕರ ಊಹೆಗೆ ಬಿಡುತ್ತೇನೆ. ಬಣ್ಣಗುರುಡನೊಬ್ಬ ಚಿತ್ರಕಲೆಯ ವಿಮರ್ಶೆ ಬರೆದು, ಕೆಂಪು ಹಸಿರುಗಳ ಪಟವನ್ನು ನೋಡಿ, ಚಿತ್ರಕಾರ ಬೂದು ಬಣ್ಣವನ್ನೇ ಬಳಿದಿದ್ದಾನೆ ಎಂದು ಆಕ್ಷೇಪಿಸಿದಂತಾಯಿತು ನನ್ನ 2019ರ ಲೇಖನ. “ಹುಡುಕಿ ನೋಡತಕ್ಕದ್ದು ಏನೂ ಇಲ್ಲ” ಎಂದದ್ದು ವೈನಿನ ವರ್ಣನೆಯಾಗಿರಲಿಲ್ಲ, ನನ್ನ ಮೂಗಿನ ವರ್ಣನೆಯಾಗಿತ್ತು. ಆ ವಾಕ್ಯವನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಎಲ್ಲವನ್ನೂ ತೆಗೆದುಕೊಂಡೆನೆಂದಲ್ಲ. ಮೂಗು ಅವರದು, ನಾಲಗೆ ನನ್ನದು. ಮೆಣಸಿದ್ದರೂ 2016 ಸಾಧಾರಣವಾದ ವೈನೇ. ಅದರ ಮೈ ತೆಳು, ಮೇಲಿನ ಕೋಟು ಭಾರ. ಆ ಅಭಿಪ್ರಾಯವನ್ನು ಸ್ನೇಹಿತರೂ ಒಪ್ಪಿದರು, ಸ್ವಲ್ಪ ಬೇಸರದಿಂದ. 2018 ಮಾತ್ರ ಬೇರೆಯ ಪಂಕ್ತಿಯದು. ಮಳೆಯ ವರ್ಷವೆರಡಾದರೂ ಒಂದೇ ಹಣೆಬರಹವಾಗಲಿಲ್ಲ. 2015ರಲ್ಲಿ ಸವರಿದ ಮೇಲೆ ಎಳೆ ಚಿಗುರು ಹೂವುಗಳ ಕಾಲಕ್ಕೆ ಮಳೆ ಬಿತ್ತು. 2017ರಲ್ಲಿ ಮಳೆ ಮೊದಲೇ ಬಂದು ನೆಲವನ್ನು ತುಂಬಿತು. ಅದೇ ಕಾರಣವಿರಬಹುದೆಂದು ಸ್ನೇಹಿತರ ಅಭಿಪ್ರಾಯ. ಮರದ ವಾಸನೆಯೂ 2018ರಲ್ಲಿ ಹಿಂದೆ ಸರಿದು ನಿಂತಿದೆ. ಈ ವೈನು ಯಾರಂತೆಯೂ ಆಗಲು ಹೊರಟಿಲ್ಲ. ನಂಜನಗೂಡಿನ ರಸಬಾಳೆಯ ಗೆಡ್ಡೆಯನ್ನು ಬೇರೆ ಊರಿಗೆ ಒಯ್ದು ನೆಟ್ಟರೆ ಅದೇ ರುಚಿ ಬರುವುದಿಲ್ಲ ಎಂದು ಇಲ್ಲಿನ ರೈತರು ಹೇಳಿಕೊಂಡು ಬಂದಿದ್ದಾರೆ. ಮಣ್ಣಿಗೆ ರುಚಿಯುಂಟೆಂಬ ಈ ವಿಶ್ವಾಸವನ್ನೇ ಫ್ರಾನ್ಸಿನವರು ದೊಡ್ಡ ಶಾಸ್ತ್ರ ಮಾಡಿಕೊಂಡಿದ್ದಾರೆ. ಆ ಶಾಸ್ತ್ರವನ್ನು ಅವರಿಂದ ಎರವಲು ತರುವ ಅವಶ್ಯಕತೆ ನಮಗಿಲ್ಲ. ಬಳ್ಳಿಯನ್ನು ತಂದರೆ ಸಾಕು.

ಬಳ್ಳಿಯಾದರೂ ಕಸಿಯದು. ಯುರೋಪಿನ ಕುಡಿ, ಅಮೆರಿಕದ ಕಾಡು ದ್ರಾಕ್ಷಿಯ ಬುಡ, ನಮ್ಮ ಕೆಂಪು ಮಣ್ಣು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗ ಅದನ್ನು ಪರದೇಶದ ಸರಕು ಎಂದು ಪಕ್ಕಕ್ಕಿಟ್ಟವರಿದ್ದಿದ್ದರೆ ಅವರು ಕಳೆದುಕೊಂಡದ್ದು ಏನೆಂಬುದು ನಮಗೆ ಗೊತ್ತಿದೆ. ಆದರೆ ಅನುವಾದ ಮಾಡಿದ್ದೆಲ್ಲ ಕನ್ನಡವಾಗಲಿಲ್ಲ ಎಂಬುದೂ ಗೊತ್ತಿದೆ. ಈ ಮೂರರಲ್ಲಿ 2016 ಕಷ್ಟಪಟ್ಟು ಮಾಡಿದ ಭಾಷಾಂತರ. 2018ರಲ್ಲಿ ಮೂಲದ ನೆನಪು ಬರುವುದಿಲ್ಲ.

ನಾಲ್ಕನೆಯ ಬಾಟಲಿಯ ವಿಷಯ ಉಳಿಯಿತು. ನಂಜನಗೂಡಿನ ಅಂಗಡಿಯಲ್ಲಿ ನಾನು ಕೊಂಡದ್ದು. ಯಾವ ಅಂಗಡಿ ಎಂದು ಹೇಳುವುದಿಲ್ಲ. ಎಲ್ಲ ಊರಿನಲ್ಲೂ ಅದೇ ಅಂಗಡಿ ಇದೆ. ಮೇಲಿನ ಹಲಗೆಯ ಮೇಲೆ, ತಗಡಿನ ಸೂರಿಗೆ ಒಂದು ಮೊಳ ಕೆಳಗೆ, ಅದು ನೆಟ್ಟಗೆ ನಿಂತಿತ್ತು. ಎಷ್ಟು ಬೇಸಗೆಗಳನ್ನು ಹಾಗೆಯೇ ನಿಂತು ಕಳೆದಿತ್ತೋ. ಅಂಗಡಿಯ ಹುಡುಗ ಧೂಳು ಒರೆಸಿ, “ಹಳೇದು ಸಾರ್, ಹಳೇದಾದಷ್ಟೂ ಒಳ್ಳೇದಲ್ವಾ?” ಎಂದು ಪೂರ್ತಿ ಬೆಲೆಗೆ ಕೊಟ್ಟ. ಬಿರಡೆ ಒಣಗಿ ತುಂಡುತುಂಡಾಗಿ ಬಂತು. ಒಳಗಿನದು ಕಂದು ಬಣ್ಣ. ಬೇಯಿಸಿದ ವಾಸನೆ, ಹಿಂದೆಯೇ ಹುಳಿ ಹಿಡಿದ ವಾಸನೆ. ಅದೇ 2017, ಅದೇ ಮನೆಯದು, ಅದೇ ಪೀಪಾಯಿಯದೂ ಇರಬಹುದು. ಉಗ್ರಾಣದಲ್ಲಿ ಮಲಗಿದ ತಮ್ಮ ಸೊರಗಿದ್ದರೂ ಉಸಿರಾಡುತ್ತಿದ್ದ. ಅಂಗಡಿಯಲ್ಲಿ ನಿಂತ ಅಣ್ಣ ತೀರಿಕೊಂಡಿದ್ದ. ಕಣಿವೆಯ ಬೆಳೆಗಾರನೂ ಸಲಹೆಗಾರನೂ ಕೂಡಿ ಪಟ್ಟ ಶ್ರಮವೆಲ್ಲ ಆ ಮೇಲಿನ ಹಲಗೆಯ ಮೇಲೆ ಆವಿಯಾಗುತ್ತದೆ. ಬಾಟಲಿಯ ಮೇಲೆ ಕೊಯ್ಲಿನ ವರ್ಷವನ್ನು ಅಚ್ಚುಹಾಕುತ್ತಾರೆ. ಅದು ಯಾವ ಸೂರಿನ ಕೆಳಗೆ ಎಷ್ಟು ಏಪ್ರಿಲ್ ತಿಂಗಳು ಕಳೆಯಿತು ಎಂಬುದನ್ನು ಯಾರೂ ಬರೆಯುವುದಿಲ್ಲ. ನಮ್ಮ ಸೆಕೆಯ ದೇಶದಲ್ಲಿ ಎರಡನೆಯದೇ ಹೆಚ್ಚು ಮುಖ್ಯವಾದ ಇಸವಿ. ಆದ್ದರಿಂದ ಊರಿನ ಅಂಗಡಿಯಲ್ಲಿ ಕೊಳ್ಳುವವರು ಇತ್ತೀಚಿನ ವರ್ಷದ್ದನ್ನೇ ಕೇಳಬೇಕು. ಹಳೆಯದನ್ನು ವೈನ್ ಮನೆಯಿಂದಲೇ ಅಥವಾ ತಂಪಾದ ಉಗ್ರಾಣವಿರುವ ಸ್ನೇಹಿತರಿಂದಲೇ ಪಡೆಯಬೇಕು.

ಆ ಬಾಟಲಿಯಲ್ಲಿ ಉಳಿದದ್ದನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿಯಲು ಹೋದರೆ ಶ್ರೀಮತಿಯವರು ತಡೆದರು. “ಗಿಡಕ್ಕೆ ಬೇಡಿ, ಮೋರಿಗೆ ಹಾಕಿ,” ಎಂದರು. ಊಟಕ್ಕೆ ಮೆಣಸಿನ ಸಾರೇ ಮಾಡಿದ್ದರು. ನಾನು ಎರಡು ಸಲ ಬಡಿಸಿಕೊಂಡೆ. ಚೆನ್ನಾಗಿತ್ತು, ನನಗೆ ತಿಳಿದಷ್ಟು ಮಟ್ಟಿಗೆ.

ಉಗ್ರಾಣದಲ್ಲಿ 2018ರದು ಇನ್ನೂ ಎರಡು ಬಾಟಲಿ ಉಳಿದಿವೆ. ಒಂದನ್ನು ಮುಂದಿನ ಮಾಘಕ್ಕೆ, ಇನ್ನೊಂದನ್ನು ಅದರ ಎರಡು ವರ್ಷದ ಮೇಲೆ ತೆಗೆಯುವುದೆಂದು ಗೊತ್ತುಮಾಡಿದ್ದೇವೆ. ಮೂಸುವ ಕೆಲಸಕ್ಕೆ ಆ ದಿನವೂ ಬಿಡುವು ಮಾಡಿಕೊಳ್ಳಬೇಕೆಂದು ಶ್ರೀಮತಿಯವರನ್ನು ಕೇಳಿಕೊಂಡು ಬಂದಿದ್ದೇನೆ. “ಏಕಾದಶಿ ಆಗಿರದಿದ್ದರೆ ಸರಿ,” ಎಂದಿದ್ದಾರೆ.